ಹಲಗೆಯ ಕೆಳಗಿನ ಅರ್ಧ

ಶಿಷ್ಯೆ ಕೇಳಿದಳು: "ಅಮ್ಮಾ, ಗಂಡಸನ್ನು ಪ್ರೀತಿಸುವ ಗಂಡಸರಿಗೆ, ಹೆಂಗಸನ್ನು ಪ್ರೀತಿಸುವ ಹೆಂಗಸರಿಗೆ, ಮಂಗಳಮುಖಿಯರಿಗೆ ಎಂದು ಆರೋಗ್ಯದ ಕರಪತ್ರ ಬರೆದೆ. ಅದರಲ್ಲಿ ಒಂದು ಮಾತೂ ಸುಳ್ಳಿಲ್ಲ. ಔಷಧಾಲಯದ ಬಾಗಿಲಲ್ಲೇ ಇಟ್ಟಿದ್ದೇನೆ. ಯಾರೂ ಮುಟ್ಟುವುದಿಲ್ಲ. ತಮ್ಮ ಜೀವದ ಮೇಲೆ ಅವರಿಗೇ ಆಸೆ ಇಲ್ಲದಿದ್ದರೆ ನಾನೇನು ಮಾಡಲಿ?"

ಗುರು ಕರಪತ್ರವನ್ನು ಪೂರ್ತಿ ಓದಿದರು. ಮಡಿಸಿ ತೊಡೆಯ ಮೇಲಿಟ್ಟುಕೊಂಡು ಹೇಳಿದರು:

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಆ ಊರಿಗೆ ಒಂದು ರೋಗ ಬಂತು. ಕೂಡಿ ಬಾಳುವವರಲ್ಲಿ ಅದು ಒಬ್ಬರಿಂದ ಒಬ್ಬರಿಗೆ ತಗಲುತ್ತಿತ್ತು. ಮೊದಲಲ್ಲೇ ಬಂದರೆ ಮದ್ದಿತ್ತು, ತಡವಾದರೆ ಇರಲಿಲ್ಲ. ಗಂಡ ಹೆಂಡಿರು ಬಂದು ಮದ್ದು ಪಡೆದರು. ಗಂಡಸಿನೊಡನೆ ಬಾಳುವ ಗಂಡಸರು ಬರಲಿಲ್ಲ. ಅಂಥವರು ಊರಲ್ಲಿದ್ದಾರೆಂದು ವೈದ್ಯನಿಗೆ ಗೊತ್ತಿತ್ತು. ಯಾರೆಂದು ಗೊತ್ತಿರಲಿಲ್ಲ.

ಅವನು ಒಳ್ಳೆಯವನು. ಒಂದು ಹಲಗೆ ಮಾಡಿಸಿ ಸಂತೆಕಟ್ಟೆಯ ಎದುರು ನಿಲ್ಲಿಸಿದ. ಗಂಡಸಿನೊಡನೆ ಬಾಳುವ ಗಂಡಸರಿಗಾಗಿ ಎಂದು ಮೇಲುಗಡೆ ದಪ್ಪ ಅಕ್ಷರದಲ್ಲಿ ಬರೆಸಿದ. ನಡುವೆ ರೋಗದ ಗುರುತುಗಳು. ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಮದ್ದಿನ ಮಾತು.

ಆ ಊರಲ್ಲಿ ಇಬ್ಬರು ನೇಕಾರರು ಒಂದೇ ಮನೆಯಲ್ಲಿದ್ದರು. ಊರು ಅವರನ್ನು ಗೆಳೆಯರು ಎನ್ನುತ್ತಿತ್ತು. ಅವರ ನಂಟು ಅದಕ್ಕಿಂತ ದೊಡ್ಡದು. ಕಿರಿಯವನ ಮೈಮೇಲೆ ಹುಣ್ಣು ಕಾಣಿಸಿಕೊಂಡಿತು. ಹಿರಿಯವನು ಹೋಗಿ ಹಲಗೆಯ ಮುಂದೆ ನಿಂತ. ಹುಣ್ಣಿನ ಮಾತಿನವರೆಗೆ ಓದಿದ.

ಎಲೆ ಅಡಿಕೆ ಅಂಗಡಿಯವನು ಕೂಗಿದ: "ಏನಯ್ಯಾ ನೇಕಾರ, ಅಷ್ಟು ಮನಸಿಟ್ಟು ಓದುತ್ತಿದ್ದೀಯ? ನಿನ್ನ ನೆಂಟರ ಓಲೆ ಬಂದಿದೆಯೋ?"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನೇಕಾರನೂ ನಕ್ಕ. "ಅಕ್ಷರ ದುಂಡಗಿದೆ ಮಾರಾಯ, ಯಾರು ಬರೆದರೋ ಎಂದು ನೋಡಿದೆ" ಎಂದು ಹೇಳಿ ನಡೆದುಬಿಟ್ಟ. ಮತ್ತೆ ಆ ದಾರಿ ತುಳಿಯಲಿಲ್ಲ. ಮನೆಯಲ್ಲೇ ಹುಣ್ಣಿಗೆ ಅರಿಸಿನ ಹಚ್ಚುತ್ತಾ ಬಂದ. ಮಳೆಗಾಲ ಮುಗಿಯುವ ಮುಂಚೆ ಗೆಳೆಯನನ್ನು ಮಣ್ಣು ಮಾಡಿದ.

ಇತ್ತ ವೈದ್ಯ, ಯಾರೂ ಬರಲಿಲ್ಲವೆಂದು ಬೇಸರಪಟ್ಟ. ತಮ್ಮ ಜೀವದ ಮೇಲೆ ಅವರಿಗೇ ಆಸೆ ಇಲ್ಲ ಎಂದುಕೊಂಡ.

ಆಗ ನೇಕಾರ ಬಂದ. ಹಾಡುಹಗಲಲ್ಲಿ, ಊರೆಲ್ಲ ನೋಡುತ್ತಿರುವಾಗ ಬಂದ. ಅವನಿಗೆ ಇನ್ನು ಹೆದರಲು ಏನೂ ಉಳಿದಿರಲಿಲ್ಲ.

"ವೈದ್ಯರೇ, ನಿಮ್ಮ ಹಲಗೆಯನ್ನು ಅರ್ಧ ಓದಿದೆ. ಕೆಳಗೆ ಏನಿತ್ತು?"

"ಮದ್ದಿದೆ, ಬನ್ನಿ ಎಂದಿತ್ತು."

"ಕಟ್ಟೆಯವರ ನಗುವಿಗೆ ಹೆದರಿ ಹುಣ್ಣಿನ ಮಾತಿಗೇ ಬಿಟ್ಟು ಬಂದೆ, ಮನೆಯಲ್ಲಿದ್ದವನನ್ನು ಮಣ್ಣು ಮಾಡಿದೆ" ಎಂದ ನೇಕಾರ. ವೈದ್ಯನಿಗೆ ಎಲ್ಲವೂ ತಿಳಿಯಿತು. "ಆ ಹಲಗೆಯನ್ನು ಇವತ್ತೇ ಕೀಳಿಸುತ್ತೇನೆ" ಎಂದ.

"ಕೀಳಿಸಬೇಡಿ. ಊರಿನ ಎಲ್ಲರ ಕಾಯಿಲೆಯನ್ನೂ ಅದರಲ್ಲಿ ಬರೆಸಿ. ಆಗ ಯಾರು ನಿಂತರೂ, ಏಕೆ ನಿಂತೆ ಎಂದು ಯಾರೂ ಕೇಳುವುದಿಲ್ಲ. ಮದ್ದಿನ ಮಾತು ಎಲ್ಲಕ್ಕಿಂತ ಮೇಲಿರಲಿ. ನಮ್ಮನ್ನು ಮಾತ್ರ ಅಳಿಸಬೇಡಿ, ಗಂಡ ಹೆಂಡಿರ ಪಕ್ಕದಲ್ಲೇ ಬರೆಯಿರಿ. ಬರೆಯುವ ಮುಂಚೆ ನಮ್ಮಂಥವರಿಗೆ ಒಮ್ಮೆ ಓದಿ ಹೇಳಿ."

ನೇಕಾರನ ಕೈಮೇಲೂ ಹುಣ್ಣು ಮೂಡಿತ್ತು. ವೈದ್ಯ ಮದ್ದು ಕೊಟ್ಟ. ಅದು ವಾಸಿಯಾಯಿತು. ಅದು ವಾಸಿಯಾದ ದಿನ ನೇಕಾರ ಅತ್ತ.

ಗುರು ಕತೆ ನಿಲ್ಲಿಸಿದರು.

ಶಿಷ್ಯೆ ಸೋಲಲಿಲ್ಲ. "ನನ್ನ ಕರಪತ್ರದಲ್ಲಿ ಮದ್ದಿನ ಮಾತು ಮೊದಲ ಸಾಲಿನಲ್ಲೇ ಇದೆಯಲ್ಲ, ಅಮ್ಮಾ" ಎಂದಳು.

ಗುರು ತೊಡೆಯ ಮೇಲಿದ್ದ ಕರಪತ್ರವನ್ನು ಅವಳ ಕಡೆ ಚಾಚಿದರು.

"ಹಾಗಾದರೆ ಯಾರಿಗಾಗಿ ಎಂದು ಬರೆದಿರುವ ಇದರ ಮುಖಪುಟ ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು, ಪೇಟೆಬೀದಿಯಲ್ಲಿ ನಿನ್ನ ತಾಯಿಯ ಮನೆಯವರೆಗೆ ನಡೆದು ಹೋಗು."

ಶಿಷ್ಯೆಯ ಕೈ ಮುಂದೆ ಬರಲಿಲ್ಲ.