ಇಬ್ಬರಿಗೆ ಒಂದೇ ಪಥ್ಯ

"ಗುರುಗಳೇ, ಕಡಿಮೆ ಉಣ್ಣಬೇಕು, ಹೆಚ್ಚು ದುಡಿಯಬೇಕು. ಆರೋಗ್ಯವೆಂದರೆ ಇಷ್ಟೇ ಅಲ್ಲವೇ? ಇದನ್ನು ಎಲ್ಲರಿಗೂ ಒಂದೇ ಮಾತಿನಲ್ಲಿ ಹೇಳಿಬಿಡಬಾರದೇಕೆ?" ಎಂದು ಶಿಷ್ಯ ಕೇಳಿದ.

ಮಠಕ್ಕೆ ಬಂದಾಗ ಅವನು ರೋಗಿಯಾಗಿದ್ದ. ಮಿತವಾದ ಊಟ, ತೋಟದ ಕೆಲಸ ಅವನ ಮೈಯನ್ನು ಗಟ್ಟಿ ಮಾಡಿದ್ದವು. ಮರುದಿನ ಅವನು ಊರಿಗೆ ಹೊರಡುವವನಿದ್ದ. ತಾನು ಕಂಡುಕೊಂಡದ್ದನ್ನು ಮನೆಯವರಿಗೆಲ್ಲ ಕಲಿಸಬೇಕೆಂಬ ಉತ್ಸಾಹ ಅವನಿಗಿತ್ತು.

ಗುರು ಒಂದು ಕತೆ ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಬೆಲ್ಲದ ವರ್ತಕನಿದ್ದ. ಒಳ್ಳೆಯವನು. ಹೆಂಡತಿಯ ಮೇಲೆ ಅವನಿಗೆ ತುಂಬ ಪ್ರೀತಿ. ದಿನವಿಡೀ ಅಂಗಡಿಯಲ್ಲಿ ದಿಂಬಿಗೆ ಒರಗಿ ಕೂತಿರುತ್ತಿದ್ದ. ಮನೆಗೆ ಬಂದರೆ ತುಪ್ಪದ ಊಟ. ನಡುವಯಸ್ಸಿಗೆ ಅವನ ಮೊಣಕಾಲು ಸೋತವು, ಮೆಟ್ಟಿಲು ಹತ್ತಿದರೆ ಏದುಸಿರು ಬಂತು. ಅವನು ವೈದ್ಯನ ಬಳಿಗೆ ಹೋದ.

"ಅಂಗಡಿಗೂ ಮನೆಗೂ ಎಷ್ಟು ದೂರ?" ಎಂದು ವೈದ್ಯ ಕೇಳಿದ.

"ಗಾಡಿ ಹತ್ತಿ ಎಲೆ ಅಡಿಕೆ ಹಾಕಿಕೊಂಡರೆ, ಅದು ಮುಗಿಯುವಷ್ಟರಲ್ಲಿ ಅಂಗಡಿ ಬರುತ್ತದೆ."

"ನಡೆದರೆ?"

"ನಡೆದು ನೋಡಿಲ್ಲ."

ವೈದ್ಯ ನಕ್ಕ. "ಶೆಟ್ಟರೇ, ನಿಮಗೆ ಬೇಕಾದದ್ದು ಔಷಧವಲ್ಲ, ಕಾಲು. ಊಟ ಅರ್ಧ ಮಾಡಿ, ದುಡಿಮೆ ಎರಡರಷ್ಟು ಮಾಡಿ. ತುಪ್ಪ ಬಿಡಿ, ಗಾಡಿಯನ್ನೂ ಬಿಡಿ."

ವರ್ತಕ ಹಾಗೆಯೇ ನಡೆದುಕೊಂಡ. ಮೊದಮೊದಲು ಕಷ್ಟವಾಯಿತು. ಮಳೆಗಾಲ ಬರುವ ಹೊತ್ತಿಗೆ ಉಸಿರು ಹಗುರಾಯಿತು, ಮೊಣಕಾಲಿನ ನೋವು ಹೋಯಿತು. ಇಷ್ಟು ಒಳ್ಳೆಯದನ್ನು ತಾನೊಬ್ಬನೇ ಅನುಭವಿಸುವುದು ಅವನಿಗೆ ಸರಿಯೆನಿಸಲಿಲ್ಲ. ಹೆಂಡತಿಯನ್ನು ಕರೆದು, "ಇನ್ನು ಮೇಲೆ ನಿನಗೂ ಇದೇ ಪಥ್ಯ" ಎಂದ.

"ನನಗೇನು ಕಾಯಿಲೆ? ಪಂಡಿತರು ಹೇಳಿದ್ದು ನಿಮಗೆ."

"ಒಳ್ಳೆಯದು ಯಾರಿಗಾದರೂ ಒಳ್ಳೆಯದೇ. ನನ್ನನ್ನು ಒಂಟಿ ಮಾಡಿ ಹೋಗುವ ಯೋಚನೆಯೇನು ನಿನ್ನದು?"

"ಹೋದರೂ ನಿಮಗೆ ಅಡುಗೆ ಮಾಡಿಟ್ಟೇ ಹೋಗುತ್ತೇನೆ, ಬಿಡಿ" ಎಂದು ಅವಳು ನಕ್ಕಳು.

ಅಂದಿನಿಂದ ಅಡುಗೆಗೆ ಅಳೆಯುವ ಅಕ್ಕಿ ಕಡಿಮೆಯಾಯಿತು. ಭತ್ತ ಕುಟ್ಟಲು ಬರುತ್ತಿದ್ದ ಹೆಂಗಸನ್ನು ವರ್ತಕ ಬಿಡಿಸಿದ. ಒನಕೆ ಹಿಡಿದರೆ ಹೆಂಡತಿಯ ಮೈಗೆ ಒಳ್ಳೆಯದೆಂದು ಅವನ ನಂಬಿಕೆ.

ಆ ಮನೆಯಲ್ಲಿ ವರ್ತಕನ ಊಟ ಮೊದಲು. ಆಮೇಲೆ ಅಂಗಡಿಯ ಆಳುಗಳದು. ಹೊತ್ತಲ್ಲದ ಹೊತ್ತಿನಲ್ಲಿ ಬೇರೆ ಊರಿನ ವ್ಯಾಪಾರಿಗಳು ಬಂದರೆ ಅವರದು. ಕಡೆಗೆ ಅವಳದು. ಅನ್ನದ ಪಾತ್ರೆ ಚಿಕ್ಕದಾಯಿತು, ಆದರೆ ಅವಳ ಬಡಿಸುವ ಕೈ ಚಿಕ್ಕದಾಗಲಿಲ್ಲ. ಯಾರ ಎಲೆಗೂ ಒಂದು ಹಿಡಿ ಕಡಿಮೆ ಬೀಳಲಿಲ್ಲ. ಕಡಿಮೆಯಾದದ್ದೆಲ್ಲ ತಳದಲ್ಲಿ ಉಳಿಯುತ್ತಿದ್ದ ಅವಳ ಪಾಲಿನಲ್ಲೇ ಕಡಿಮೆಯಾಯಿತು.

ಅವಳು ಬಡವಾದಳು. ಅದನ್ನು ಕಂಡು ವರ್ತಕನಿಗೆ ಸಂತೋಷವಾಯಿತು. "ನೋಡು, ನೀನೂ ಹಗುರಾದೆ" ಎಂದ.

ಹಸಿವಿನ ಮಾತನ್ನು ಗಂಡನ ಎದುರು ಆಡುವುದು ಅವಳಿಗೆ ಅಭ್ಯಾಸವಿರಲಿಲ್ಲ. ಆದರೂ ಒಂದು ದಿನ, "ಭತ್ತ ಕುಟ್ಟುವಾಗ ಕಣ್ಣು ಕತ್ತಲೆ ಬರುತ್ತದೆ" ಎಂದಳು.

"ನನಗೂ ಮೊದಮೊದಲು ಬರುತ್ತಿತ್ತು. ತಾನಾಗಿ ಹೋಗುತ್ತದೆ" ಎಂದು ಅವನು ಧೈರ್ಯ ಹೇಳಿದ. ಅವನು ಸುಳ್ಳು ಹೇಳಲಿಲ್ಲ. ಅವಳೂ ನಂಬಿದಳು.

ಚಳಿಗಾಲದಲ್ಲಿ ಊರಿಗೆಲ್ಲ ಜ್ವರ ಬಂತು. ಊರವರೆಲ್ಲ ಮಲಗಿ ಎದ್ದರು. ವರ್ತಕನ ಹೆಂಡತಿ ಮಲಗಿದವಳು ಏಳಲಿಲ್ಲ. ವೈದ್ಯ ಬಂದು ನಾಡಿ ಹಿಡಿದ. ಹಿಡಿದ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ. ಅದು ಎಲುಬಷ್ಟೇ ಆಗಿತ್ತು.

"ಇವರು ಏನು ಉಣ್ಣುತ್ತಿದ್ದರು?"

"ನೀವು ಹೇಳಿದ ಪಥ್ಯವೇ. ಮೊದಲಿನದರಲ್ಲಿ ಅರ್ಧ."

"ಮೊದಲು ಎಷ್ಟು ಉಣ್ಣುತ್ತಿದ್ದರು?"

ಅಷ್ಟು ವರ್ಷದ ಸಂಸಾರದಲ್ಲಿ ಅವಳು ಉಣ್ಣುವುದನ್ನು ವರ್ತಕ ಒಮ್ಮೆಯೂ ನೋಡಿರಲಿಲ್ಲ. ಅವನು ಕೈ ತೊಳೆದು ಎದ್ದುಹೋದ ಮೇಲೆ ಅವಳ ಊಟ.

"ಇವರು ನನ್ನ ಬಳಿಗೆ ಬಂದಿದ್ದರೆ, ಹಾಲು ಕುಡಿಯಿರಿ, ಕಾಳು ಬೇಯಿಸಿ ತಿನ್ನಿ, ಮಧ್ಯಾಹ್ನ ಒಂದಿಷ್ಟು ಮಲಗಿ ಎನ್ನುತ್ತಿದ್ದೆ. ನಿಮಗೆ ಹೇಳಿದ್ದು ಹೆಚ್ಚು ಉಂಡು ಕೂತವರ ಪಥ್ಯ, ಶೆಟ್ಟರೇ" ಎಂದ ವೈದ್ಯ.

ಬೆಳಗಾಗುವ ಮೊದಲು ಅವಳು ತೀರಿಕೊಂಡಳು.

ಕರ್ಮಗಳೆಲ್ಲ ಮುಗಿದು ಬಂಧುಗಳು ಹೊರಟುಹೋದ ಮೇಲೆ ವರ್ತಕ ಅಡುಗೆಮನೆಗೆ ಹೋದ. ಅವಳು ಕೂತು ಉಣ್ಣುತ್ತಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ಕೂರಬೇಕೆಂದು ಅವನಿಗೆ ಆಸೆಯಾಗಿತ್ತು. ಒಲೆಯ ಬಳಿ ನೋಡಿದ. ಬಾಗಿಲ ಹಿಂದೆ ನೋಡಿದ. ಹಿತ್ತಲ ಮೆಟ್ಟಿಲ ಮೇಲೆ ನೋಡಿದ. ಆ ಜಾಗ ಯಾವುದೆಂದು ಅವನಿಗೆ ತಿಳಿಯಲಿಲ್ಲ. ಕೇಳೋಣವೆಂದರೆ ಬಲ್ಲವರು ಯಾರೂ ಇರಲಿಲ್ಲ.

ಅವನು ಬಹುಕಾಲ ಬದುಕಿದ. ಪಥ್ಯ ಅವನ ಮೈಗೆ ಹಿಡಿದಿತ್ತು. ಮುಪ್ಪಿನಲ್ಲೂ ಊರುಗೋಲು ಹಿಡಿಯದೆ ಅಂಗಡಿಗೆ ನಡೆದು ಹೋಗುತ್ತಿದ್ದ. ನೋಡಿದವರು ಪುಣ್ಯವಂತನೆನ್ನುತ್ತಿದ್ದರು.

ಗುರು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಂಕಟವಾಗಿತ್ತು, ಸಿಟ್ಟೂ ಬಂದಿತ್ತು. "ಎಂಥ ಕುರುಡ ಅವನು! ಒಂದೇ ಸೂರಿನಡಿ ಇದ್ದು ಇಷ್ಟೂ ಕಾಣಲಿಲ್ಲವೇ?" ಎಂದ.

"ನಿನ್ನ ತಾಯಿ ಕೂತು ಉಣ್ಣುವುದನ್ನು ನೀನು ಕೊನೆಯ ಬಾರಿ ನೋಡಿದ್ದು ಯಾವಾಗ?" ಎಂದು ಗುರು ಕೇಳಿದರು.