ಅಗಲವಾಗುವ ಬಿರುಕು

"ಯುವರಾಣಿ ಪದ್ಮಲೆಯ ಎಂಟು ತಿಂಗಳ ಕೂಸು ಮಂಚದಿಂದ ಬಿದ್ದು ತಲೆಬುರುಡೆ ಬಿರುಕು ಬಿಟ್ಟಿದೆ. ಯುವರಾಣಿಯ ಮೂರು ಒಗಟು ಬಿಡಿಸಿದವನೇ ಕೂಸನ್ನು ಮುಟ್ಟಬೇಕು. ಬಿಡಿಸಿದವನಿಗೆ ಕೇಳಿದ್ದು ಸಿಗುವುದು, ತಪ್ಪಿದವನ ತಲೆ ಹೋಗುವುದು!" ಎಂದು ಹೇಮಗಿರಿಯ ಬೀದಿಬೀದಿಯಲ್ಲಿ ಡಂಗುರ ಸಾರಿದರು.

ಯುವರಾಣಿ ಕ್ರೂರಿಯೇನಲ್ಲ. ಅವಳ ಚೊಚ್ಚಲ ಮಗನೂ ಹೀಗೇ ಬಿದ್ದು, ವರ್ಷದೊಳಗೆ ತೀರಿಹೋಗಿದ್ದ. ಅಂದಿನಿಂದ ಅವಳು ಯಾವ ವೈದ್ಯನನ್ನೂ ನಂಬುತ್ತಿರಲಿಲ್ಲ.

ಮೊದಲು ಆಸ್ಥಾನವೈದ್ಯ ಶ್ರೀಕಂಠ ಬಂದ.

"ಬಿರುಕು ಬಿಟ್ಟ ಮೇಲೂ ಬೆಳೆಯುವ ಮಡಕೆ ಯಾವುದು?" ಎಂದಳು ಯುವರಾಣಿ.

"ಭೂಮಿ" ಎಂದ. ಕಾವಲಿನವರು ಅವನನ್ನು ಸೆರೆಗೆ ಎಳೆದೊಯ್ದರು.

ಆಮೇಲೆ ಬಂದ ಪರದೇಶದ ಪಂಡಿತ, "ಕೂಸಿನ ತಲೆಬುರುಡೆ" ಎಂದು ಸರಿಯಾಗಿಯೇ ಹೇಳಿದ.

"ಆ ಬಿರುಕನ್ನು ದಿನದಿನಕ್ಕೆ ಅಗಲ ಮಾಡುವವನು ಯಾರು? ಅವನು ಕಳ್ಳನಲ್ಲ, ಹಗೆಯೂ ಅಲ್ಲ."

"ಕೆಟ್ಟ ಗ್ರಹ" ಎಂದ ಪಂಡಿತನೂ ಸೆರೆ ಸೇರಿದ. ಇಬ್ಬರ ತಲೆಗೂ ಮೂರನೆಯ ಅಮಾವಾಸ್ಯೆಯ ಗಡುವು ಬಿತ್ತು.

ಮತ್ತಾರೂ ಬರಲಿಲ್ಲ. ವಾರಗಳು ಕಳೆದವು. ಕೂಸಿನ ತಲೆಯ ಮೇಲಿನ ಗಾಯ ಮಾಯಿತು, ಆದರೆ ಅಲ್ಲಿ ಮೆತ್ತನೆಯ ಊತವೊಂದು ಎದ್ದು ಮಿಡಿಯತೊಡಗಿತು.

ಆಗ ದುಗ್ಗ ಬಂದ. ಮದ್ದಳೆಗೆ ಚರ್ಮ ಬಿಗಿಯುವ ಬಡವ. ದಂಡಿನ ಜೊತೆ ಹೋಗಿ ಸೈನಿಕರ ಗಾಯ ಹೊಲಿದವನು. ಹೊಸ್ತಿಲಾಚೆಯೇ ಕೈಮುಗಿದು ನಿಂತ.

"ಒಳಗೆ ಬಾರಪ್ಪ. ಮೊದಲ ಒಗಟಿನ ಉತ್ತರ ಈಗ ಊರಿಗೆಲ್ಲ ಗೊತ್ತು. ಎರಡನೆಯದು ಗೊತ್ತೇ?" ಎಂದಳು ಯುವರಾಣಿ.

"ಒಳಗೆ ಬೆಳೀತಿರೋ ಮಿದುಳೇ, ತಾಯಿ. ಬುರುಡೆಯ ಕೆಳಗೆ ತೆಳ್ಳನೆ ಪೊರೆ ಇರ್ತದೆ. ಅದು ಹರಿದಿದ್ರೆ ಮಿದುಳು ಬೆಳೀತಾ ಬೆಳೀತಾ ಆ ಹರುಕಿನಿಂದ ಹೊರಗೆ ಒತ್ತುತ್ತದೆ. ಮೂಳೆ ಕೂಡೋದೇ ಇಲ್ಲ. ಪೊರೆ ಹೊಲೀಬೇಕು, ತಡ ಮಾಡಬಾರದು."

ಯುವರಾಣಿ ಕೂಸನ್ನು ಎದೆಗೊತ್ತಿಕೊಂಡು ಮೂರನೆಯದನ್ನು ಕೇಳಿದಳು. "ನನ್ನ ಮೊದಲ ಮಗನನ್ನು ಕೊಂದ ಮಾತು ಯಾವುದು?"

ದುಗ್ಗ ನೆಲ ನೋಡುತ್ತ ಹೇಳಿದ. "'ಗಾಯ ಮಾಯಿತು, ಇನ್ನು ಕರೆತರಬೇಡಿ.' ಇದೇ ಮಾತು, ತಾಯಿ."

"ನಿನಗೆ ಹೇಗೆ ಗೊತ್ತು?"

"ನನ್ನ ಮಗಳು ಸಂಕವ್ವ ಬಿದ್ದಾಗಲೂ ವೈದ್ಯರು ಅದನ್ನೇ ಹೇಳಿದ್ರಂತೆ. ನಾನು ದಂಡಿನಲ್ಲಿದ್ದೆ. ಮೊದಲು ಕೈಕಾಲು ಸೆಳೆತ ಬಂತಂತೆ, ಆಮೇಲೆ ಒಂದು ಕೈ ಆಡಲಿಲ್ಲವಂತೆ. ನಾನು ಬರೋ ಹೊತ್ತಿಗೆ ಅವಳೇ ಇರಲಿಲ್ಲ."

ಪದ್ಮಲೆ ಕೂಸನ್ನು ಅವನ ಕೈಗಿತ್ತಳು. ನಿದ್ದೆಯ ಮದ್ದು ಕುಡಿಸಿ, ಊತದ ಮೇಲಿನ ಚರ್ಮ ಬಿಡಿಸಿ, ರೇಷ್ಮೆಯ ಎಳೆಯಿಂದ ದುಗ್ಗ ಪೊರೆ ಹೊಲಿದ. ಮೂರನೆಯ ದಿನ ಕೂಸು ಮೊಲೆ ಹಿಡಿಯಿತು. ಊತ ಇಳಿಯಿತು.

"ಏನು ಬೇಕೋ ಕೇಳು" ಎಂದಳು ಪದ್ಮಲೆ.

"ಸೆರೆಯಲ್ಲಿರೋ ಆ ಇಬ್ಬರನ್ನೂ ಬಿಟ್ಟುಬಿಡಿ. ತಲೆಗೆ ಪೆಟ್ಟಾದ ಊರಿನ ಕೂಸುಗಳನ್ನು, ಗಾಯ ಮಾಯ್ದ ಮೇಲೂ ತಿಂಗಳು ತಿಂಗಳು ಕರೆಸಿ ನೋಡಲಿ. ಹೊಲಿಯೋದು ಅವರಿಗೆ ನಾನು ಕಲಿಸ್ತೀನಿ."

ಹಾಗೆಯೇ ಆಯಿತು. ಯುವರಾಣಿ ಅವನಿಗೆ ಮನೆ, ಹೊಲವನ್ನೂ ಕೊಟ್ಟಳು.

ದುಗ್ಗ ಹಟ್ಟಿಗೆ ಹೋಗಿ ಹೆಂಡತಿ ದ್ಯಾಮವ್ವನಿಗೆ ಎಲ್ಲವನ್ನೂ ಹೇಳಿದ.

"ಆ ಕೂಸು ನಗ್ತದಾ?" ಎಂದಳು ಕೊನೆಗೆ.

"ನಗ್ತದೆ."

ದ್ಯಾಮವ್ವ ಸೆರಗು ಬಾಯಿಗೊತ್ತಿಕೊಂಡು ಅಳತೊಡಗಿದಳು. ದುಗ್ಗ ಅವಳ ಪಕ್ಕದಲ್ಲಿ ಕೂತ.