ಮೂವರ ಮೇಲೂ ಬಾಜಿ ಕಟ್ಟಿದ ಗೀರಮ್ಮ

ಮಕ್ಕಳೇ, ಕಾಡಂಚಿನಲ್ಲಿ ಹೊಂಗೆಕೆರೆ ಅಂತ ಒಂದು ಕೆರೆ ಇದೆ. ಎಲ್ಲಿ ಎಂದು ಮಾತ್ರ ಕೇಳಬೇಡಿ, ದಾರಿ ಹೇಳಿದರೆ ನೀವು ಪಾಠ ಬಿಟ್ಟು ಅಲ್ಲಿಗೇ ಹೊರಟುಬಿಡುತ್ತೀರಿ. ಆ ಕೆರೆಯ ಏರಿಯ ಮೇಲೆ ಒಂದು ಹಳೆಯ ಹುಣಸೆಮರ. ಮರದ ಕೆಳಗಿನ ಪೊಟರೆಯಲ್ಲಿ ಗೀರಮ್ಮ ಎಂಬ ಅಳಿಲು, ಚುಟುಕ ಮತ್ತು ಮಿಣುಕಿ ಎಂಬ ಎರಡು ಮರಿಗಳ ಜೊತೆ ವಾಸವಾಗಿದ್ದಳು. ಮೇಲಿನ ಪೊಟರೆಯಲ್ಲಿ ಕುಟ್ರುಹಕ್ಕಿ ಇತ್ತು. ಅದನ್ನು ಎಲ್ಲರೂ ಕುಟ್ರಕ್ಕ ಎನ್ನುತ್ತಿದ್ದರು. ಇಬ್ಬರಿಗೂ ಬೆಳಗಾದರೆ ಮಾತು, ಸಂಜೆಯಾದರೆ ಮಾತು.

ಗೀರಮ್ಮನಷ್ಟು ದುಡಿಯುವ ಅಳಿಲು ಆ ಕಡೆ ಇನ್ನೊಂದಿರಲಿಲ್ಲ. ಹೊಲದಲ್ಲಿ ಉದುರಿದ ಕಡಲೆಕಾಯಿಯನ್ನು ಹೆಕ್ಕಿ ತಂದು ಮಳೆಗಾಲಕ್ಕೆಂದು ಕೂಡಿಡುತ್ತಿದ್ದಳು. ಆದರೆ ಎಲ್ಲವನ್ನೂ ಒಂದೇ ಕಡೆ ಇಡುವವಳಲ್ಲ. ಬೇರಿನ ಸಂದಿಯಲ್ಲಿ ಒಂದಿಷ್ಟು, ಕಲ್ಲಿನಡಿ ಒಂದಿಷ್ಟು, ಒಣಗಿದ ಬಿದಿರಿನ ಬುಡದಲ್ಲಿ ಒಂದಿಷ್ಟು. ಒಂದು ಕಡೆಯದನ್ನು ಕಾಗೆ ಕದ್ದರೆ ಇನ್ನೊಂದು ಕಡೆಯದು ಉಳಿಯುತ್ತದಲ್ಲ? ಅದು ಅವಳಮ್ಮ ಕಲಿಸಿದ ಪದ್ಧತಿ.

ಅವಳಲ್ಲಿ ಒಂದೇ ಒಂದು ಕೊರತೆ ಇತ್ತು. ಬಂದದ್ದನ್ನು ಬಾಲ ಕುಣಿಸುತ್ತ ಎರಡೆರಡು ಸಲ ಎಣಿಸುತ್ತಿದ್ದಳು. ಹೋದದ್ದರ ಲೆಕ್ಕ ಕೇಳಿದರೆ ಮಾತು ಬೇರೆ ಕಡೆ ತಿರುಗಿಸುತ್ತಿದ್ದಳು.

ಆ ಬೇಸಿಗೆಯಲ್ಲಿ ಕೆರೆಯಲ್ಲಿ ಈಜಿನ ಪಂದ್ಯ ಶುರುವಾಯಿತು. ಸಂಜೆ ಬಿಸಿಲು ಇಳಿದ ಮೇಲೆ ನೀರುನಾಯಿ, ಬಾತುಕೋಳಿ, ಆಮೆ ಮೂವರೂ ಈ ದಡದಿಂದ ಆ ದಡಕ್ಕೆ ಈಜುವುದು. ಒಂದೊಂದು ಸಂಜೆಗೆ ನಾಲ್ಕಾರು ಪಂದ್ಯ. ದಡದ ಚಪ್ಪಟೆ ಕಲ್ಲಿನ ಮೇಲೆ ಡೊಳ್ಳಯ್ಯ ಎಂಬ ಹೆಗ್ಗಣ ಹೊಟ್ಟೆ ಮುಂದೆ ಮಾಡಿ ಕೂತು ಬಾಜಿ ಕಟ್ಟಿಸಿಕೊಳ್ಳುತ್ತಿತ್ತು.

ಗೀರಮ್ಮ ಮೊದಲ ದಿನ ಸುಮ್ಮನೆ ನೋಡಲು ಹೋದಳು. ಸುಮ್ಮನೆ ನೋಡಲು ಹೋಗುವುದು ಹೇಗೆಂದು ನಿಮಗೂ ಗೊತ್ತು. "ಡೊಳ್ಳಯ್ಯ ಮಾವ, ಇದು ಹೇಗೆ?" ಎಂದು ಕೇಳಿಯೇಬಿಟ್ಟಳು.

"ಬಾ ತಾಯಿ, ಕಷ್ಟ ಏನಿಲ್ಲ. ನೀರುನಾಯಿ ಮೇಲೆ ಎರಡು ಕಾಯಿ ಇಡು, ಅದು ಗೆದ್ರೆ ಮೂರು ಕೊಡ್ತೀನಿ. ಬಾತುಕೋಳಿ ಮೇಲೆ ಒಂದಿಟ್ರೆ ಎರಡು. ಆಮೆ ಮೇಲೆ ಒಂದಿಟ್ರೆ ಆರು. ನೀನು ಇಟ್ಟಿದ್ದೂ ಅದರಲ್ಲೇ ಸೇರಿತು. ಸೋತ್ರೆ ಇಟ್ಟಿದ್ದು ನಂದು."

"ಆಮೆಗೆ ಮಾತ್ರ ಆರಾ? ಆಮೆ ಕಂಡ್ರೆ ನಿಮಗೆ ಅಷ್ಟು ಪ್ರೀತಿನಾ?"

ಡೊಳ್ಳಯ್ಯ ಮೀಸೆಯಲ್ಲೇ ನಕ್ಕಿತು. "ಪ್ರೀತಿ ಅಲ್ಲಮ್ಮ. ಆಮೆ ಗೆಲ್ಲೋದು ಅಪರೂಪ. ಅಪರೂಪಕ್ಕೆ ಒಂದ್ಸಲ ಹೆಚ್ಚು ಕೊಟ್ರೆ ನನ್ನ ಕೈ ಕಚ್ಚಲ್ಲ. ನೀರುನಾಯಿ ಮೇಲಿಂದ ಮೇಲೆ ಗೆಲ್ಲುತ್ತೆ. ಅದಕ್ಕೆ ಹೆಚ್ಚು ಕೊಟ್ರೆ ನಾನು ಬಿಲ ಮಾರಬೇಕಾಗುತ್ತೆ."

ಗೀರಮ್ಮ ಬಾತುಕೋಳಿಯ ಮೇಲೆ ಎರಡು ಕಾಯಿ ಇಟ್ಟಳು. ನೀರುನಾಯಿ ಗೆದ್ದಿತು. ಹೋದ ಎರಡು ಕಾಯಿಗಾಗಿ ಅವಳ ಜೀವ ಚುರುಕ್ ಎಂದಿತು. ಅವತ್ತು ರಾತ್ರಿಯೆಲ್ಲ ಪೊಟರೆಯಲ್ಲಿ ಹೊರಳಾಡಿದಳು. ಬೆಳಗಾಗುವಷ್ಟರಲ್ಲಿ ಅವಳಿಗೊಂದು ಉಪಾಯ ಹೊಳೆಯಿತು. ಕಡಲೆಕಾಯಿಯನ್ನು ಒಂದೇ ಕಡೆ ಇಡದವಳು ಬಾಜಿಯನ್ನು ಯಾಕೆ ಒಬ್ಬರ ಮೇಲೇ ಇಡಬೇಕು? ಮೂವರ ಮೇಲೂ ಇಟ್ಟರೆ ಸೋಲು ಎಲ್ಲಿಂದ ಬರುತ್ತದೆ?

ಮರುದಿನ ಬೇರಿನ ಸಂದಿಯಿಂದ ನಾಲ್ಕು ಕಾಯಿ ತಂದು ನೀರುನಾಯಿಯ ಮೇಲೆ ಇಟ್ಟಳು. ಕಲ್ಲಿನಡಿಯಿಂದ ಮೂರು ತಂದು ಬಾತುಕೋಳಿಯ ಮೇಲೆ, ಬಿದಿರಿನ ಬುಡದಿಂದ ಒಂದು ತಂದು ಆಮೆಯ ಮೇಲೆ. ಯಾರೇ ಗೆಲ್ಲಲಿ, ಅವಳಿಗೆ ಆರು ಕಾಯಿ ಬಂದೇ ಬರಬೇಕು.

"ಜಾಣೆ ಕಣಮ್ಮ ನೀನು," ಎಂದಿತು ಡೊಳ್ಳಯ್ಯ, ಬಹಳ ಅಕ್ಕರೆಯಿಂದ.

ನೀರುನಾಯಿ ಗೆದ್ದಿತು, ಆರು ಕಾಯಿ ಬಂತು. ಮುಂದಿನ ಪಂದ್ಯದಲ್ಲಿ ಬಾತುಕೋಳಿ ಗೆದ್ದಿತು, ಮತ್ತೆ ಆರು. ಬಾಜಿ ಕಟ್ಟುವ ಉಳಿದವರು ಒಂದು ಸಂಜೆ ಗೆದ್ದರೆ ಮರು ಸಂಜೆ ಜೋಲುಮುಖ ಹಾಕುತ್ತಿದ್ದರು. ಗೀರಮ್ಮ ಮಾತ್ರ ಪ್ರತಿ ಪಂದ್ಯವನ್ನೂ ಗೆದ್ದಳು. "ಗೀರಮ್ಮನ ಕೈಗುಣ ನೋಡ್ರಪ್ಪ," ಎಂದು ಪಂದ್ಯ ನೋಡಲು ಬಂದ ಕೋತಿಗಳು ದಾರಿ ಬಿಟ್ಟುಕೊಟ್ಟವು. ಮರಿಗಳು ಅಮ್ಮ ಬರುವುದನ್ನೇ ಕಾದಿದ್ದು, "ಗೆದ್ಯಾ ಅಮ್ಮ?" ಎಂದು ಕೇಳುತ್ತಿದ್ದವು. "ಗೆಲ್ಲದೆ ಏನು," ಎಂದು ಅವಳು ಬಂದದ್ದನ್ನು ಎಣಿಸಲು ಕೂರುತ್ತಿದ್ದಳು. ಹೊಲದ ಕಡೆ ಹೋಗುವುದನ್ನೂ ಕಡಿಮೆ ಮಾಡಿದಳು. ದಿನಾ ಗೆಲ್ಲುವವಳಿಗೆ ಹೆಕ್ಕುವ ಗೋಜು ಯಾಕೆ?

ಬೇಸಿಗೆ ಮುಗಿಯುತ್ತ ಬಂತು, ಮೋಡ ಕಟ್ಟತೊಡಗಿತು. ಒಂದು ಮಧ್ಯಾಹ್ನ ಗೀರಮ್ಮ ಬೇರಿನ ಸಂದಿಗೆ ಕೈ ಹಾಕಿದರೆ ಬರೀ ಮಣ್ಣು. ಕಲ್ಲಿನಡಿ ನೋಡಿದಳು, ಅಲ್ಲೂ ಇಲ್ಲ. ಬಿದಿರಿನ ಬುಡದಲ್ಲಿ ಒಂದಷ್ಟು ಕಾಯಿ ಮಾತ್ರ ಉಳಿದಿತ್ತು. ಮಳೆ ಹಿಡಿದರೆ ಹೊಲಕ್ಕೆ ಹೋಗುವ ಹಾಗಿಲ್ಲ, ಮರಿಗಳಿಗೆ ಏನು ಕೊಡುವುದು? ಗಾಬರಿಯಲ್ಲಿ ಅವಳು ಮೇಲಿನ ಪೊಟರೆಗೆ ಏರಿ, "ನನ್ನ ಮಕ್ಕಳ ಕೂಳಿಗೆ ಕೈ ಹಾಕೋಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತು?" ಎಂದು ಕುಟ್ರಕ್ಕನ ಮೇಲೆ ಹರಿಹಾಯ್ದಳು.

ಕುಟ್ರಕ್ಕನ ಮನಸ್ಸಿಗೆ ಬಹಳ ನೋವಾಯಿತು. ಅದು ಹೇಳಿತು: "ನಾನು ಹಣ್ಣು ತಿನ್ನೋಳು ಕಣೇ. ನಿನ್ನ ಕಡಲೆಕಾಯಿ ತಗೊಂಡು ನಾನೇನು ಮಾಡ್ಲಿ? ದಿನಾ ಗೆಲ್ತೀನಿ ಅಂತೀಯ, ಮರಿಗಳಿಗೆ ಮಾತ್ರ ದಿನದಿನಕ್ಕೂ ಕಡಿಮೆ ಕೊಡ್ತಿದ್ದೀಯ. ನಾನು ನೋಡ್ತಾನೇ ಇದ್ದೀನಿ. ಇವತ್ತು ಬಾಜಿಗೆ ತಗೊಂಡು ಹೋಗೋದನ್ನೆಲ್ಲ ನನ್ನ ಕಣ್ಣೆದುರಿಗೇ ತಗೊಂಡು ಹೋಗು."

ಗೀರಮ್ಮ ಸಿಡುಕುತ್ತಲೇ ಬಿದಿರಿನ ಬುಡದಿಂದ ಉಳಿದಿದ್ದಷ್ಟೂ ಕಾಯಿ ತೆಗೆದಳು. ಅವಳು ಒಂದೊಂದು ಕಾಯಿ ಎತ್ತಿಕೊಂಡಾಗಲೂ ಕುಟ್ರಕ್ಕ ಕೊಂಬೆಯ ಮೇಲೆ ಒಂದೊಂದು ಆಲದ ಹಣ್ಣು ಇಟ್ಟಿತು. ಅವತ್ತು ಮೊದಲ ಪಂದ್ಯದಲ್ಲಿ ನೀರುನಾಯಿ ಗೆದ್ದಿತು. ಗೀರಮ್ಮ ಆರು ಕಾಯಿ ಹೊತ್ತು ಎದೆ ಉಬ್ಬಿಸಿಕೊಂಡು ಬಂದಳು.

"ಈಗ ಒಂದೊಂದು ಹಣ್ಣಿನ ಪಕ್ಕ ಒಂದೊಂದು ಕಾಯಿ ಇಡು," ಎಂದಿತು ಕುಟ್ರಕ್ಕ.

ಇಟ್ಟಳು. ಕಾಯಿ ಮುಗಿಯಿತು. ಎರಡು ಹಣ್ಣುಗಳ ಪಕ್ಕದಲ್ಲಿ ಏನೂ ಇರಲಿಲ್ಲ.

ಗೀರಮ್ಮ ತನ್ನ ಕೆನ್ನೆಯ ಒಳಗೆಲ್ಲ ತಡಕಿ ನೋಡಿದಳು. "ಆದ್ರೆ ನಾನು ಗೆದ್ದೆನಲ್ಲಕ್ಕ," ಎಂದಳು ಸಣ್ಣ ದನಿಯಲ್ಲಿ.

"ಗೆದ್ದೆ. ಎಂಟು ಕೊಟ್ಟು ಆರು ಗೆದ್ದೆ. ಈ ಬೇಸಿಗೆಯಲ್ಲಿ ಇಂಥ ಪಂದ್ಯ ಎಷ್ಟು ಗೆದ್ದಿದ್ದೀಯೋ ನೀನೇ ನೆನಪು ಮಾಡ್ಕೊ."

ಗೀರಮ್ಮ ಒಂದೇ ಉಸಿರಿಗೆ ದಡಕ್ಕೆ ಓಡಿದಳು. "ಮಾವ, ನೀವು ನನಗೆ ಮೋಸ ಮಾಡಿದ್ರಿ."

"ಮೋಸ ಎಲ್ಲಿ ಬಂತಮ್ಮ? ದರ ಎಲ್ಲರ ಎದುರಿಗೇ ಹೇಳಿದ್ದೀನಿ. ಗೆದ್ದಾಗ ಒಂದು ಕಾಯಿ ಕಡಿಮೆ ಕೊಟ್ಟಿದ್ದೀನಾ?" ಡೊಳ್ಳಯ್ಯನಿಗೆ ಸಿಟ್ಟೇನೂ ಬರಲಿಲ್ಲ. "ಕೂತ್ಕೊ, ಹೇಳ್ತೀನಿ. ಯಾರು ಎಷ್ಟು ಸಲ ಗೆಲ್ತಾರೆ ಅಂತ ನಾನು ಮೊದಲೇ ಅಂದಾಜು ಮಾಡ್ತೀನಿ. ನ್ಯಾಯವಾಗಿ ಎಷ್ಟು ಕೊಡಬೇಕೋ ಅದಕ್ಕಿಂತ ಸ್ವಲ್ಪ ಕಡಿಮೆ ದರ ಕಟ್ತೀನಿ. ಆ ಸ್ವಲ್ಪ ನನ್ನ ಪಾಲು. ಒಬ್ಬರ ಮೇಲೆ ಬಾಜಿ ಕಟ್ಟೋರ ಕೈಯಿಂದ್ಲೂ ಅದು ಸೋರ್ತಾನೇ ಇರುತ್ತೆ. ಒಂದಿನ ಸೋಲು, ಒಂದಿನ ಗೆಲುವು ಅನ್ನೋ ಗದ್ದಲದಲ್ಲಿ ಅವರಿಗೆ ಕಾಣಲ್ಲ. ನೀನು ಮೂವರ ಮೇಲೂ ಕಟ್ಟಿದೆ ನೋಡು, ಅದಕ್ಕೇ ನಿನ್ನ ಕಣ್ಣಿಗೆ ಬಿತ್ತು."

"ಹಾಗಾದ್ರೆ ನೀವು ಯಾರು ಗೆಲ್ಲಲಿ ಅಂತ ಬಯಸ್ತೀರಿ?"

"ನಾನ್ಯಾಕೆ ಬಯಸ್ಲಿ? ನಾನು ನೀರಿನ ಕಡೆ ನೋಡೋದೂ ಇಲ್ಲ."

ನಿಜವೇ. ಇಡೀ ಬೇಸಿಗೆಯಲ್ಲಿ ಡೊಳ್ಳಯ್ಯ ಒಂದು ಸಲವೂ ಕೆರೆಯತ್ತ ತಿರುಗಿದ್ದನ್ನು ಗೀರಮ್ಮ ಕಂಡಿರಲಿಲ್ಲ. ಅದರ ಬೆನ್ನು ಯಾವಾಗಲೂ ನೀರಿಗೆ, ಮುಖ ಕಡಲೆಕಾಯಿಯ ರಾಶಿಗೆ.

ಅವಳ ಸಪ್ಪೆ ಮುಖ ನೋಡಿ ಹೆಗ್ಗಣಕ್ಕೂ ಅಯ್ಯೋ ಅನ್ನಿಸಿತೇನೋ. ಇಲ್ಲ, ಅಯ್ಯೋ ಅನ್ನಿಸಿದ ಹಾಗೆ ಮಾಡಿತೋ, ನನಗೆ ಇನ್ನೂ ತಿಳಿದಿಲ್ಲ. "ಹೋಗ್ಲಿ ಬಿಡು. ನಿನಗೆ ಅಂತ ಆಮೆ ಮೇಲೆ ಏಳು ಕೊಡ್ತೀನಿ. ಈಗ ಗೆದ್ದಿರೋ ಆರನ್ನೂ ಇಡು. ಹೊಡೆದ್ರೆ ಬೇರಿನ ಸಂದಿ ಒಂದೇ ಏಟಿಗೆ ತುಂಬುತ್ತೆ."

ಕಾಯಿ ತರಲೆಂದು ಗೀರಮ್ಮನ ಕಾಲು ಮನೆಯ ಕಡೆ ತಿರುಗಿತು, ಅರ್ಧ ದಾರಿಯಲ್ಲೇ ನಿಂತಿತು. ಆರರ ಏಳು ಪಟ್ಟು! ಮಳೆಗಾಲದ ಮೊದಲ ವಾರ ಕಳೆಯುತ್ತದೆ. ಆದರೆ ಆ ಆರು ಹೋದರೆ ಚುಟುಕ, ಮಿಣುಕಿಯ ನಾಳಿನ ಹೊಟ್ಟೆಗೇ ಇಲ್ಲ. ಆಮೆ ಎಷ್ಟು ನಿಧಾನವಾಗಿ ಈಜುತ್ತದೆ ಎಂಬುದು ಅವಳಿಗೂ ಗೊತ್ತು, ಡೊಳ್ಳಯ್ಯನಿಗೂ ಗೊತ್ತು. ಅವಳು ಹುಣಸೆಮರದ ಬುಡಕ್ಕೆ ಬಂದು ಕೂತುಬಿಟ್ಟಳು.

ಆ ಸಂಜೆಯ ಮುಂದಿನ ಪಂದ್ಯದಲ್ಲೇ, ಮಕ್ಕಳೇ, ಆಮೆ ಗೆದ್ದಿತು. ನೀರುನಾಯಿ ನಡುದಾರಿಯಲ್ಲಿ ಮೀನಿನ ಹಿಂದೆ ಹೋಯಿತು. ಬಾತುಕೋಳಿ ಕಮಲದ ದಂಟಿಗೆ ಕಾಲು ಸಿಕ್ಕಿಸಿಕೊಂಡಿತು. ಕೋತಿಗಳು ಕುಣಿದಾಡಿದ ಸದ್ದು ಮರದವರೆಗೂ ಕೇಳಿಸಿತು.

"ಹೊಟ್ಟೆ ಉರೀತಾ?" ಎಂದು ಕುಟ್ರಕ್ಕ ಮೇಲಿನಿಂದ ಕೇಳಿತು.

"ಉರೀತು ಅಕ್ಕ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ಇವತ್ತು ಗೆದ್ದಿದ್ರೆ ನಾಳೆ ಮತ್ತೆ ಹೋಗ್ತಿದ್ದೆ, ನಾಳಿದ್ದೂ ಹೋಗ್ತಿದ್ದೆ." ಆಮೇಲೆ ತಲೆ ತಗ್ಗಿಸಿ ಹೇಳಿದಳು: "ನಿನ್ನ ಮೇಲೆ ಕಳ್ಳತನ ಹೊರಿಸಿದೆ. ತಪ್ಪಾಯ್ತು."

"ಆಯ್ತು ಬಿಡು. ನಾಳೆ ಬೇಗ ಏಳು. ಆಚೆ ಹೊಲದಲ್ಲಿ ಇನ್ನೂ ಕಡಲೆಕಾಯಿ ಉಳಿದಿರೋದನ್ನ ನಾನು ನೋಡಿದ್ದೀನಿ."

ಮರುದಿನದಿಂದ ಕುಟ್ರಕ್ಕ ಮೇಲೆ ಹಾರಿ ದಾರಿ ತೋರಿಸಿತು. ಗೀರಮ್ಮ ಮತ್ತು ಮರಿಗಳು ಬಿಸಿಲೆನ್ನದೆ ಹೆಕ್ಕಿದರು. ಮಳೆ ಬಂದಾಗ ಪೊಟರೆ ತುಂಬಿರಲಿಲ್ಲ, ಬರಿದೂ ಆಗಿರಲಿಲ್ಲ. ಮರಿಗಳಿಗೆ ದಿನಕ್ಕೆ ಎರಡೆರಡು ಕಾಯಿ, ಅಮ್ಮನಿಗೆ ಒಂದೇ.

ಮಳೆ ಬಿಡದೆ ಸುರಿಯುತ್ತಿದ್ದ ಒಂದು ದಿನ ಬೇಸರ ಬಂದು ಚುಟುಕ ಹೇಳಿದ: "ಮಿಣುಕಿ, ಪೊಟರೆ ತುದಿಗೆ ಯಾರು ಮೊದಲು ಮುಟ್ತಾರೆ ನೋಡೋಣ. ನಂದೆರಡು ಕಾಯಿ, ನಿಂದೆರಡು ಕಾಯಿ. ಗೆದ್ದೋರಿಗೆ ನಾಲ್ಕೂ."

ಬೈಯಲು ಬಾಯಿ ತೆರೆದ ಗೀರಮ್ಮ ತಡೆದುಕೊಂಡು, ಡೊಳ್ಳಯ್ಯನ ಹಾಗೆ ಹೊಟ್ಟೆ ಮುಂದೆ ಮಾಡಿ ಕೂತಳು. "ಕಾಯಿ ನನ್ನ ಕೈಗೆ ಕೊಡಿ. ಗೆದ್ದೋರಿಗೆ ಮೂರು ಕೊಡ್ತೀನಿ. ಒಂದು ನನ್ನ ಪಾಲು. ದಿನಾ ಆಡಿ."

ಮರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಮಿಣುಕಿ ತನ್ನ ಕಾಯಿಗಳನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು.

"ಕಾಯಿ ನಮ್ಮದು, ಓಡೋರೂ ನಾವು. ನಿಂಗ್ಯಾಕಮ್ಮ ಒಂದು? ಹೀಗೇ ಆಡ್ತಾ ಹೋದ್ರೆ ನಮ್ಮಿಬ್ಬರ ಹತ್ರಾನೂ ಏನೂ ಉಳಿಯಲ್ಲ. ನಿನ್ನ ಜೊತೆ ಆಡೋಕೆ ಯಾರು ಬರ್ತಾರೆ?" ಎಂದಳು ಮಿಣುಕಿ.

ಗೀರಮ್ಮನಿಗೆ ನಗುವೂ ಬಂತು, ಅಳುವೂ ಬಂತು. ಅವಳು ಇಬ್ಬರನ್ನೂ ಹತ್ತಿರಕ್ಕೆ ಎಳೆದುಕೊಂಡಳು. ತನ್ನ ಪಾಲಿನ ಒಂದೇ ಕಾಯಿಯನ್ನು ಸುಲಿದು, ಒಳಗಿದ್ದ ಎರಡು ಬೀಜಗಳನ್ನು ಒಂದೊಂದಾಗಿ ಇಬ್ಬರ ಬಾಯಿಗೂ ಇಟ್ಟಳು.

ನೀತಿ: ಬಾಜಿಯ ದರವನ್ನು ಕಟ್ಟುವವನು ತನ್ನ ಪಾಲನ್ನು ಮೊದಲೇ ತೆಗೆದಿಟ್ಟುಕೊಂಡಿರುತ್ತಾನೆ, ಬಂದದ್ದನ್ನು ಮಾತ್ರ ಎಣಿಸಿ ಹೋದದ್ದನ್ನು ಮರೆಯುವವನು ಗೆಲ್ಲುತ್ತಲೇ ಬರಿಗೈಯಾಗುತ್ತಾನೆ.